ಕ್ಯಾಲೆಂಡರಿನಲ್ಲಿ ಬರೆದಿಟ್ಟ ನಿಮಿಷಗಳು

2021ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಮಾಲ್‌ನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದೆ. ಗಂಟೆಗೆ 15 ಡಾಲರ್ 45 ಸೆಂಟ್. ಆ ವರ್ಷ ಈ ಊರಿನ ಕನಿಷ್ಠ ಕೂಲಿಯೇ ಅಷ್ಟು. ಜನವರಿಯಲ್ಲಿ ಊರಿನ ದರ ಏರಿದಾಗ ನಮ್ಮದೂ 16 ಡಾಲರ್ 20 ಸೆಂಟ್ ಆಯಿತು.

ಅದಕ್ಕೆ ಮೊದಲು ಹಾಸನದಲ್ಲಿ ಆರು ವರ್ಷ ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡಿದ್ದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾದ ಕಾರಣ ತುಂಬಾ ದಿನ ಮನೆಯಲ್ಲೇ ಇದ್ದೆ. ಕೆಲಸದ ವೀಸಾದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವುದು ಎಚ್4 ವೀಸಾ. ಅದರಲ್ಲಿರುವ ಕೆಲವರಿಗೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಇವರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ನನಗೂ ಸಿಕ್ಕಿತು. ಇಲ್ಲಿ ಪಾಠ ಮಾಡಬೇಕು ಅಂದರೆ ಮತ್ತೆ ಓದಬೇಕು. ಅಷ್ಟರವರೆಗೆ ಸುಮ್ನೆ ಕೂರೋದು ಬೇಡ, ನಾಲ್ಕು ಜನರ ಜೊತೆ ಮಾತಾಡಿದ ಹಾಗೂ ಆಗುತ್ತದೆ ಅಂತ ಅಂಗಡಿಗೆ ಹೋದೆ. ಆ ಕೆಲಸ ನನಗೆ ಇಷ್ಟವೇ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹಲಗೆ ಇಟ್ಟು ಶರ್ಟ್ ಮಡಚೋದು, ಒಂದೇ ಅಳತೆಯಲ್ಲಿ ಸಾಲು ಜೋಡಿಸೋದು, ಮಗಳಿಗೆ ಮೊದಲ ಇಂಟರ್‌ವ್ಯೂಗೆ ಬಟ್ಟೆ ಹುಡುಕುತ್ತಾ ಬರುವ ಅಮ್ಮಂದಿರು, ಎಲ್ಲವೂ.

ಗಂಟೆ ಲೆಕ್ಕದ ಕೆಲಸದಲ್ಲಿ ಮೊದಲು ಕೈಕೊಡೋದು ಗಂಟೆಯೇ. ಒಂದು ವಾರ 27 ಗಂಟೆ ಕೊಟ್ಟರೆ ಮುಂದಿನ ವಾರ 12. ಮೂವತ್ತು ಮುಟ್ಟಲು ಬಿಡುತ್ತಿರಲಿಲ್ಲ. ವಾರಕ್ಕೆ ಸರಾಸರಿ 30 ಗಂಟೆ ಮುಟ್ಟಿದವರಿಗೆ ದೊಡ್ಡ ಕಂಪನಿಗಳು ಆರೋಗ್ಯ ವಿಮೆ ಕೊಡಬೇಕು ಅಂತ ಇಲ್ಲಿನ ಕಾನೂನು. ನನಗೆ ಇವರ ಕಡೆಯಿಂದ ವಿಮೆ ಇತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಯೆಟ್ನಾಮಿನ ಅಕ್ಕನಿಗೆ ಇರಲಿಲ್ಲ. ಅವರು ಬೆಳಗ್ಗೆ ಇಲ್ಲಿ, ಸಂಜೆ ಇನ್ನೊಂದು ಅಂಗಡಿಯಲ್ಲಿ ದುಡಿಯುತ್ತಿದ್ದರು. ಫೋನಿನ ಆಪ್‌ನಲ್ಲಿ ಶಿಫ್ಟ್ ಪಟ್ಟಿ ಬಂದ ದಿನ ಅವರು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬೆರಳು ಮಡಚಿ ಎಣಿಸುತ್ತಿದ್ದರು. ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಎರಡನೆಯದು ಕಾಲು. ನಮ್ಮ ಕಡೆ ಹಳೇ ಜವಳಿ ಅಂಗಡಿಗಳಲ್ಲಿ ಗಾದಿ ಮೇಲೆ ಕೂತೇ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಕೊಳ್ಳುವವರೂ ಎದುರಿಗೆ ಕೂರುತ್ತಿದ್ದರು. ಈಗ ಅಲ್ಲಿಯೂ ದೊಡ್ಡ ಶೋರೂಮ್‌ಗಳಲ್ಲಿ ಹುಡುಗಿಯರು ದಿನವಿಡೀ ನಿಂತಿರೋದನ್ನು ನೋಡಿದ್ದೇನೆ. ಕೋಳಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳದ ಕಾನೂನು ಬದಲಾಯಿತು. 2021ರಲ್ಲಿ ತಮಿಳುನಾಡೂ ಅಂಥದೇ ಕಾನೂನು ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಈ ನಿಯಮ ಬಹಳ ಹಿಂದಿನಿಂದ ಇದೆ. ಕೂತು ಮಾಡಬಹುದಾದ ಕೆಲಸಕ್ಕೆ ಆಸನ ಕೊಡಬೇಕು. ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ಸ್ಟೂಲ್ ಬೇಕು ಅಂತ ಎರಡು ಸಲ ಕೇಳಿದೆ. ನೋಡೋಣ ಅಂದರು. ಸ್ಟೂಲ್ ಬರಲಿಲ್ಲ.

ಆ ನಿಯಮ ನನಗೆ ಗೊತ್ತಾಗಿದ್ದು ಸಿಬ್ಬಂದಿ ಊಟ ಮಾಡುವ ಕೋಣೆಯ ಗೋಡೆಯಿಂದ. ಅಲ್ಲಿ ಒಂದು ಕಾಗದ ಅಂಟಿಸಿದ್ದರು, ಚಿಕ್ಕ ಅಕ್ಷರ, ಉದ್ದದ್ದು. ವೇಜ್ ಆರ್ಡರ್ 7 ಅಂತ ಅದರ ಹೆಸರು. ಅಂಗಡಿ ಕೆಲಸದವರಿಗೆ ಸಂಬಂಧಿಸಿದ್ದು. ಪ್ರತಿ ಅಂಗಡಿಯಲ್ಲೂ ಹಾಕಲೇಬೇಕು. ಮೂರು ತಿಂಗಳು ಅದರ ಪಕ್ಕದಲ್ಲೇ ಕೂತು ಉಂಡಿದ್ದೆ, ಓದಿರಲಿಲ್ಲ. ಒಂದು ದಿನ ಮೈಕ್ರೋವೇವ್ ಮುಂದೆ ಕಾಯುವಾಗ ಓದಿದೆ. ಐದು ಗಂಟೆಗಿಂತ ಜಾಸ್ತಿ ಕೆಲಸ ಇದ್ದರೆ ಅರ್ಧ ಗಂಟೆ ಊಟದ ಬಿಡುವು. ಅದು ಐದನೇ ಗಂಟೆ ಮುಗಿಯುವ ಮೊದಲೇ ಶುರುವಾಗಬೇಕು. ಆ ಅರ್ಧ ಗಂಟೆ ಯಾರೂ ಕರೆಯಬಾರದು. ನಾಲ್ಕು ಗಂಟೆ ಕೆಲಸಕ್ಕೆ ಹತ್ತು ನಿಮಿಷದ ಬಿಡುವು, ಅದಕ್ಕೆ ಸಂಬಳ ಉಂಟು. ಊಟದ ಬಿಡುವು ತಪ್ಪಿದ ದಿನಕ್ಕೆ ಒಂದು ಗಂಟೆಯ ಕೂಲಿ ಹೆಚ್ಚಾಗಿ ಕೊಡಬೇಕು. ಹತ್ತು ನಿಮಿಷದ್ದು ತಪ್ಪಿದರೆ ಅದಕ್ಕೆ ಇನ್ನೊಂದು ಗಂಟೆ.

ನನ್ನ ಸಂಬಳದ ಚೀಟಿಯಲ್ಲಿ ಅಂಥ ಗಂಟೆ ಒಂದೇ ಒಂದು ಸಲವೂ ಬಂದಿರಲಿಲ್ಲ.

ಬಿಡುವು ಯಾಕೆ ತಪ್ಪುತ್ತಿತ್ತು ಅನ್ನೋದನ್ನೂ ಹೇಳಬೇಕು. ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲ. ಇಪ್ಪತ್ತಾರು ವರ್ಷದ ಹುಡುಗ, ಅವನೂ ನಮ್ಮ ಹಾಗೇ ಓಡಾಡುತ್ತಿದ್ದ. ಮುಂದಿನ ವಾರ ಎಷ್ಟು ವ್ಯಾಪಾರ ಆಗಬಹುದು ಅಂತ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಅದರ ಪ್ರಕಾರ ಅಂಗಡಿಗೆ ಇಂತಿಷ್ಟು ಕೆಲಸದ ಗಂಟೆ ಅಂತ ಮೇಲಿನಿಂದ ಬರುತ್ತದೆ. ಆ ಗಂಟೆ ಮೀರಿದರೆ ಅವನಿಗೆ ಬೈಗುಳ. ಹಾಗಾಗಿ ಒಬ್ಬರು ಊಟಕ್ಕೆ ಹೋದರೆ ಅವರ ಜಾಗಕ್ಕೆ ನಿಲ್ಲಲು ಇನ್ನೊಬ್ಬರು ಇರುತ್ತಿರಲಿಲ್ಲ. ಟ್ರಯಲ್ ರೂಮಿನ ಹೊರಗೆ ಆರು ಜನ ಕಾಯುತ್ತಿರುವಾಗ ಡಬ್ಬಿ ಹಿಡಿದು ಒಳಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ‘ಇನ್ನೊಂದು ಹತ್ತು ನಿಮಿಷ ಇರ್ತೀರಾ?’ ಅಂತ ಅವನು ಕೇಳುತ್ತಿದ್ದ. ಆ ಹತ್ತು ನಲವತ್ತಾಗುತ್ತಿತ್ತು.

ಅದರ ಮೇಲೆ ರಾತ್ರಿಯ ಬ್ಯಾಗ್ ಚೆಕ್. ಕೆಲಸ ಮುಗಿಸಿ ಕ್ಲಾಕ್ ಔಟ್ ಮಾಡಿದ ಮೇಲೆ, ಅಂದರೆ ಕೆಲಸ ಮುಗಿದ ಹೊತ್ತನ್ನು ಯಂತ್ರದಲ್ಲಿ ದಾಖಲಿಸಿದ ಮೇಲೆ, ಬಾಗಿಲ ಬಳಿ ಸಾಲಾಗಿ ನಿಲ್ಲಬೇಕು. ಮ್ಯಾನೇಜರ್ ಹಣ ಎಣಿಸಿ ಮುಗಿಸಿ ಬಂದು ಎಲ್ಲರ ಚೀಲ ತೆಗೆದು ನೋಡಿ ಬೀಗ ತೆಗೆಯುತ್ತಿದ್ದ. ಸರಾಸರಿ ಹನ್ನೆರಡು ನಿಮಿಷ. ಆ ಹೊತ್ತಿಗೆ ಸಂಬಳ ಇಲ್ಲ. ಹೊರಗೆ ಕಾರಿನಲ್ಲಿ ಇವರು ಮಗುವನ್ನು ಮಲಗಿಸಿಕೊಂಡು ಕಾಯುತ್ತಿದ್ದರು, ಗಾಜಿನ ಬಾಗಿಲಿನಿಂದ ನನಗೆ ಕಾಣುತ್ತಿತ್ತು.

ಗೋಡೆಯ ಕಾಗದ ಓದಿದ ದಿನ ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದೆ. ನಮ್ಮ ಮಾವ ಪ್ರತಿ ವರ್ಷ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಕಳಿಸುತ್ತಾರೆ. ಏಕಾದಶಿ, ಸಂಕಷ್ಟಿ ನೋಡಿಕೊಳ್ಳಲಿ ಅಂತ. 2022ರ ಕ್ಯಾಲೆಂಡರಿನ ಮನೆಗಳಲ್ಲಿ ತಿಥಿ ನಕ್ಷತ್ರದ ಪಕ್ಕ ಪೆನ್ಸಿಲಿನಲ್ಲಿ ನಾಲ್ಕು ಗುರುತು ಹಾಕತೊಡಗಿದೆ. ‘ಬಂ’ ಅಂದರೆ ಬಂದ ಹೊತ್ತು. ‘ಊ’ ಅಂದರೆ ಊಟಕ್ಕೆ ಕೂತ ಹೊತ್ತು. ‘10’ ಅಂತ ಬರೆದು ಸುತ್ತಿದರೆ ಹತ್ತು ನಿಮಿಷ ಸಿಕ್ಕಿತು, ಅಡ್ಡ ಗೆರೆ ಎಳೆದರೆ ಸಿಗಲಿಲ್ಲ. ‘ಚೀ’ ಅಂದರೆ ಚೀಲ ತೋರಿಸಿ ಹೊರಗೆ ಬಂದ ಹೊತ್ತು. ಮಕ್ಕಳಿಗೆ ವರ್ಷಗಟ್ಟಲೆ ಜರ್ನಲ್, ಲೆಡ್ಜರ್ ಕಲಿಸಿದ್ದೆನಲ್ಲ, ಅವತ್ತಿನದು ಅವತ್ತೇ ಬರೆಯಬೇಕು ಅನ್ನೋದು ಕೈಗೆ ಅಂಟಿತ್ತು. ಅಕ್ಕನಿಗೂ ಹೇಳಿದೆ, ನೀವೂ ಬರೆದಿಡಿ ಅಂತ. ಅವರು ಹೂಂ ಅಂದರು, ಬೇರೇನೂ ಹೇಳಲಿಲ್ಲ.

ಇನ್ನೊಂದು ಲೆಕ್ಕ ನನಗೆ ಗೊತ್ತಿಲ್ಲದೇ ಬೆಳೆಯುತ್ತಿತ್ತು. ಅಮ್ಮ ಹಾಸನದಲ್ಲಿ ಬೆಳಗ್ಗೆ ಐದಕ್ಕೆ ಏಳುತ್ತಾರೆ. ಎದ್ದ ತಕ್ಷಣ ಫೋನ್ ನೋಡಿ ‘ಊಟ ಆಯ್ತಾ ಪುಟ್ಟಿ?’ ಅಂತ ವಾಟ್ಸಾಪ್ ಮಾಡುತ್ತಾರೆ. ನಾನು ಅಂಗಡಿಯಲ್ಲಿ ಊಟಕ್ಕೆ ಕೂತಾಗ ಅವರಿಗೆ ನಡುರಾತ್ರಿ ದಾಟಿರುತ್ತದೆ. ಎದ್ದ ಮೇಲೆ ನೋಡಲಿ ಅಂತ ಡಬ್ಬಿ ಬಿಚ್ಚಿ ಒಂದು ಫೋಟೋ ಕಳಿಸಿ ಆಮೇಲೆ ತಿನ್ನುತ್ತಿದ್ದೆ. ಚಿತ್ರಾನ್ನ, ಚಪಾತಿ ಪಲ್ಯ, ಮೊಸರನ್ನ. ವರ್ಷವಿಡೀ ಕಳಿಸಿದೆ.

2023ರ ಜನವರಿಯಲ್ಲಿ ಕೆಲಸ ಬಿಟ್ಟೆ. ಮಂಡಿನೋವು ಜಾಸ್ತಿಯಾಗಿತ್ತು, ಕಾಲೇಜಿಗೂ ಸೇರುವುದಿತ್ತು. ಅಂಗಡಿಯ ಲೆಕ್ಕ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ದೂರು ಕೊಡೋಣ ಅಂದಾಗ ಇವರು ತುಂಬಾ ಹೊತ್ತು ಸುಮ್ಮನಿದ್ದರು. ‘ಗ್ರೀನ್ ಕಾರ್ಡ್ ಫೈಲ್ ನಡೀತಾ ಇದೆ. ಈಗ ಸರ್ಕಾರದ ಆಫೀಸಿನಲ್ಲಿ ನಮ್ಮ ಹೆಸರು ಯಾಕೆ ಬೇಕು?’ ಅಂದರು. ತಪ್ಪು ಹೇಳಲಾರೆ. ವೀಸಾದಲ್ಲಿರುವ ಪ್ರತಿ ಮನೆಯಲ್ಲೂ ಈ ಭಯ ಇದೆ. ನಮ್ಮವರು ಸೇರಿದ ಕಡೆಯಲ್ಲೆಲ್ಲ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳಿದ್ದೇನೆ.

ಸಾಂತಾ ಕ್ಲಾರಾ ಯೂನಿವರ್ಸಿಟಿಯ ಕಾನೂನು ಕಾಲೇಜು ನಡೆಸುವ ಉಚಿತ ಸಲಹಾ ಕೇಂದ್ರಕ್ಕೆ ಇಬ್ಬರೂ ಹೋದೆವು. ಕಾನೂನು ಓದುವ ಹುಡುಗಿಯೊಬ್ಬಳು ಒಂದು ಗಂಟೆ ಕೂತು ಕೇಳಿದಳು. ಪಕ್ಕದಲ್ಲಿ ಅವಳ ಮೇಷ್ಟ್ರು. ಅವರು ಹೇಳಿದ್ದು ಇಷ್ಟು. ಸಂಬಳದ ದೂರು ಕೇಳುವ ಸರ್ಕಾರಿ ಕಚೇರಿ ಕ್ಯಾಲಿಫೋರ್ನಿಯಾದ ಲೇಬರ್ ಕಮಿಷನರ್ ಆಫೀಸ್. ಅದು ದೂರುದಾರರ ವೀಸಾ ವಿಚಾರ ಕೇಳುವುದೇ ಇಲ್ಲ. ಸಂಬಳ ಕೇಳಿದವರನ್ನು ವೀಸಾ ಹೆಸರಿನಲ್ಲಿ ಹೆದರಿಸಿದರೆ ಅದೇ ಬೇರೆ ಅಪರಾಧ. ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕಾಗಿಲ್ಲ, ಭಾಷೆ ಬಾರದಿದ್ದರೆ ದುಭಾಷಿಯನ್ನು ಅವರೇ ಕೊಡುತ್ತಾರೆ. ಮೂರು ವರ್ಷ ಹಿಂದಿನವರೆಗೂ ಕೇಳಬಹುದು. ಚೀಲ ತೋರಿಸಲು ಕಾದ ಹೊತ್ತಿಗೂ ಸಂಬಳ ಕೊಡಬೇಕು ಅಂತ 2020ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ಅದು ಆ್ಯಪಲ್ ಮಳಿಗೆಗಳ ಕೆಲಸಗಾರರು ಹಾಕಿದ್ದ ಕೇಸು. ಇದನ್ನೆಲ್ಲ ಇವರು ಫೋನಿನಲ್ಲಿ ಬರೆದುಕೊಂಡರು. ಕಾರು ಹತ್ತಿದ ಮೇಲೆ ‘ಸರಿ, ಹಾಕು’ ಅಂದರು.

ಮೊದಲು ಮಾಡಿದ ಕೆಲಸ, ನನ್ನ ಹಾಜರಿಯ ದಾಖಲೆ ಕೊಡಿ ಅಂತ ಕಂಪನಿಗೆ ಪತ್ರ. ಬರೆದು ಕೇಳಿದರೆ 21 ದಿನದಲ್ಲಿ ಸಂಬಳದ ದಾಖಲೆ ಕೊಡಬೇಕು. ಇಪ್ಪತ್ತನೇ ದಿನ ಬಂತು. ಅಡುಗೆಮನೆ ಮೇಜಿನ ಮೇಲೆ ಒಂದು ಕಡೆ ಅವರ ಹಾಳೆ, ಇನ್ನೊಂದು ಕಡೆ ಕ್ಯಾಲೆಂಡರ್ ಹರಡಿ ಕೂತೆ. ಜುಲೈ 16, ಶನಿವಾರ. ನನ್ನ ಬರಹ: ಬಂ 9:30, ಊ 3:10. ಅವರ ಹಾಳೆ: ಬಂದಿದ್ದು 9:30, ಊಟ 2:25. ಹಿಂದಿನ ಶನಿವಾರ ನೋಡಿದೆ. ಅಲ್ಲೂ ಕೆಲಸ ಶುರುವಾಗಿ ಸರಿಯಾಗಿ ನಾಲ್ಕು ಗಂಟೆ ಐವತ್ತೈದು ನಿಮಿಷ ಆದ ಮೇಲೆ ಊಟ. ಅದರ ಹಿಂದಿನದೂ ಹಾಗೇ. ಒಟ್ಟು 38 ದಿನ. ಮನುಷ್ಯರು ಹೀಗೆ ಗಡಿಯಾರ ಹಿಡಿದು ಉಣ್ಣುತ್ತಾರಾ? ಯಾರೋ ಆಮೇಲೆ ಕೂತು ತಿದ್ದಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಣ ಕಡಿಮೆ ಕೊಟ್ಟಿದ್ದಕ್ಕಿಂತ, ನಾನು ಹಸಿದು ನಿಂತಿದ್ದನ್ನೇ ಇಲ್ಲ ಅಂತ ಬರೆದಿದ್ದರಲ್ಲ, ಅದು ಜಾಸ್ತಿ ನೋವಾಯಿತು.

2023ರ ಏಪ್ರಿಲ್‌ನಲ್ಲಿ ಅರ್ಜಿ ಹಾಕಿದೆ. ಮುಖ್ಯ ಅರ್ಜಿ ಫಾರಂ 1. ಗಂಟೆಗಳು ವಾರದಿಂದ ವಾರಕ್ಕೆ ಬದಲಾಗುವವರು, ಬಿಡುವು ತಪ್ಪಿದವರು ಫಾರಂ 55 ಕೂಡ ತುಂಬಬೇಕು. ಅದು ದಿನದಿನದ ಪಟ್ಟಿ. ಕ್ಯಾಲೆಂಡರ್ ಇಲ್ಲದಿದ್ದರೆ ನನ್ನಿಂದ ಅದು ಆಗುತ್ತಿರಲಿಲ್ಲ. 2021ರ ಮೂರು ತಿಂಗಳಿಗೆ ಬರಹ ಇರಲಿಲ್ಲ. ಅದನ್ನು ಬಿಟ್ಟುಬಿಟ್ಟೆ. 2022ಕ್ಕೆ ಲೆಕ್ಕ ಹೀಗಿತ್ತು. ಊಟ ತಡವಾದ 38 ದಿನಕ್ಕೆ 38 ಗಂಟೆ. ಹತ್ತು ನಿಮಿಷ ಸಿಗದ 57 ದಿನಕ್ಕೆ 57 ಗಂಟೆ. ಚೀಲದ ಸಾಲಿನಲ್ಲಿ ನಿಂತ 105 ರಾತ್ರಿ, ಹನ್ನೆರಡು ನಿಮಿಷದಂತೆ 21 ಗಂಟೆ. ಎಲ್ಲ ಸೇರಿ 1,879 ಡಾಲರ್ 20 ಸೆಂಟ್. ಕೆಲಸ ಬಿಟ್ಟ ಮೇಲೂ ಬಾಕಿ ಕೊಡದೇ ಇದ್ದುದಕ್ಕೆ ದಂಡ ಬೇರೆ ಕೇಳಿದ್ದೆ.

ಆಮೇಲೆ ಕಾಯುವುದು. ಕಾನೂನಿನಲ್ಲಿ ಅರ್ಜಿ ಹಾಕಿದ 135 ದಿನದೊಳಗೆ ತೀರ್ಪು ಬರಬೇಕು ಅಂತ ಇದೆ. ನನಗೆ ಮಾತುಕತೆಯ ಕರೆ ಬಂದಿದ್ದೇ ಹತ್ತು ತಿಂಗಳಿಗೆ. 2024ರ ಮೇ ತಿಂಗಳಲ್ಲಿ ರಾಜ್ಯದ ಲೆಕ್ಕ ಪರಿಶೋಧಕರ ವರದಿ ಬಂತು. ಬಾಕಿ ಉಳಿದ ದೂರುಗಳು 47,000ಕ್ಕೆ ಮುಟ್ಟಿದ್ದವು. ಐದು ವರ್ಷದ ಹಿಂದೆ 22,000 ಇತ್ತಂತೆ. ಆಫೀಸಿನಲ್ಲಿ ಸಿಬ್ಬಂದಿಯೇ ಸಾಲದು. ದಿನದ ಕೂಲಿ ನಂಬಿದವರು ಎರಡು ವರ್ಷ ಹೇಗೆ ಕಾಯಬೇಕು? ಎಷ್ಟೋ ಜನ ಕೊಟ್ಟಷ್ಟು ಕೊಡಿ ಅಂತ ಮುಗಿಸಿಕೊಳ್ಳುತ್ತಾರೆ. ಇದು ಸರಿಯಾಗಲೇಬೇಕು.

ಮಾತುಕತೆ ಫೋನಿನಲ್ಲೇ ಆಯಿತು. ಅಧಿಕಾರಿ ಎರಡೂ ಕಡೆಯವರಿಗೆ ಒಪ್ಪಂದ ಆಗುತ್ತದಾ ನೋಡುತ್ತಾರೆ, ಸಾಕ್ಷಿ ಪ್ರಮಾಣ ಏನೂ ಇರಲ್ಲ. ಕಂಪನಿಯವರು 400 ಡಾಲರ್ ಅಂದರು. ಬೇಡ ಅಂದೆ. ಹೇಳುವಾಗ ಧ್ವನಿ ನಡುಗಿತು, ಆದರೂ ಅಂದೆ.

ಹಿಯರಿಂಗ್ ನಡೆದಿದ್ದು 2025ರ ಮೇನಲ್ಲಿ. ಒಂದು ಸಣ್ಣ ಕೋಣೆ, ಉದ್ದದ ಮೇಜು, ಮಧ್ಯದಲ್ಲಿ ರೆಕಾರ್ಡರ್. ಕಂಪನಿಯ ಕಡೆಯಿಂದ ಒಬ್ಬ ವಕೀಲರು, ಒಬ್ಬ ಎಚ್‌ಆರ್ ಹೆಂಗಸು. ನಾನು ಒಬ್ಬಳೇ. ಕೈ ಎತ್ತಿ ಪ್ರಮಾಣ ಮಾಡಿಸಿದರು. ಕ್ಯಾಲೆಂಡರಿನ ಹನ್ನೆರಡು ಹಾಳೆಗಳ ಜೆರಾಕ್ಸ್ ಮೂರು ಪ್ರತಿ ಕೊಟ್ಟೆ. ಮೂಲವನ್ನೂ ಚೀಲದಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಜುಲೈ ಹಾಳೆಯ ಮೂಲೆಯಲ್ಲಿ ಒಗ್ಗರಣೆ ಎಣ್ಣೆಯ ಕಲೆ ಇತ್ತು.

ವಕೀಲರು ಮರ್ಯಾದೆಯಾಗಿಯೇ ಕೇಳಿದರು. ಇದು ನಿಮ್ಮ ಭಾಷೆಯಲ್ಲಿದೆ, ಇದನ್ನು ನೀವು ಕೆಲಸ ಬಿಟ್ಟ ಮೇಲೆ ಕೂತು ಬರೆಯಲಿಲ್ಲ ಅಂತ ನಂಬೋದು ಹೇಗೆ? ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಅಮ್ಮನ ಜೊತೆಗಿನ ವಾಟ್ಸಾಪ್ ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ಇದು ಹೊಳೆದಿದ್ದು ಇವರಿಗೆ, ಹಿಯರಿಂಗ್‌ಗೆ ಒಂದು ವಾರ ಇರುವಾಗ.

ಅಧಿಕಾರಿ ಕ್ಯಾಲೆಂಡರ್ ತಮ್ಮ ಕಡೆ ಎಳೆದುಕೊಂಡರು. ಜುಲೈ 16ರ ಮನೆಯ ಮೇಲೆ ಬೆರಳಿಟ್ಟು ಓದಿ ಅಂದರು. ‘ಊ 3:10’ ಅಂತ ಓದಿದೆ. ಈ ಅಕ್ಷರ ಏನು ಅಂತ ಕೇಳಿದರು. ‘ಊಟ ಅಂತ. ನಮ್ಮಲ್ಲಿ ಅಮ್ಮಂದಿರು ದಿನಾ ಕೇಳುವ ಮಾತು’ ಅಂದೆ. ಅವರು ವಾಟ್ಸಾಪ್ ಹಾಳೆಗಳಲ್ಲಿ ಅದೇ ದಿನ ಹುಡುಕಿದರು. ಸ್ಟೀಲ್ ಡಬ್ಬಿ, ಚಿತ್ರಾನ್ನ, ಮೇಲೆ ಒಂದು ಹಪ್ಪಳದ ಚೂರು. ಕೆಳಗೆ 3:12. ಅದರ ಕೆಳಗೆ ಅಮ್ಮನ ಉತ್ತರ, ‘ಇಷ್ಟು ಹೊತ್ತಿಗಾ?’ ಅದನ್ನೂ ಇಂಗ್ಲಿಷಿನಲ್ಲಿ ಹೇಳಿ ಅಂದರು. ಹೇಳಿದೆ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ಒಂದೊಂದಾಗಿ 38 ದಿನವನ್ನೂ ಹೋಲಿಸಿದರು. 31 ದಿನಕ್ಕೆ ಫೋಟೋ ಇತ್ತು.

ಹತ್ತು ನಿಮಿಷದ ಬಿಡುವಿನ ವಿಷಯ ಅಷ್ಟು ಸುಲಭ ಆಗಲಿಲ್ಲ. ಅದಕ್ಕೆ ಕ್ಲಾಕ್ ಔಟ್ ಮಾಡುವುದಿಲ್ಲ, ಹಾಗಾಗಿ ದಾಖಲೆಯೇ ಇರುವುದಿಲ್ಲ. ಕೊಟ್ಟಿದ್ದೆವು, ಇವರೇ ತಗೊಂಡಿಲ್ಲ ಅಂತ ಎಚ್‌ಆರ್ ಹೇಳಿದರು. ಅಂಗಡಿಯಲ್ಲಿ ಇಬ್ಬರೇ ಇದ್ದ ದಿನಗಳನ್ನು ಶಿಫ್ಟ್ ಪಟ್ಟಿಯಿಂದ ತೋರಿಸಿದೆ. ಆ ದಿನ ನಾನು ಹೋಗಿದ್ದರೆ ಬಿಲ್ಲಿಂಗ್ ಯಾರು ನೋಡುತ್ತಿದ್ದರು ಅಂತ ಕೇಳಿದೆ. ಅಂಥ ದಿನಗಳು 20 ಮಾತ್ರ ಇದ್ದವು.

ಜೂನಿನಲ್ಲಿ ತೀರ್ಪು ಅಂಚೆಯಲ್ಲಿ ಬಂತು. ಊಟದ 38 ಗಂಟೆ ಪೂರ್ತಿ ಕೊಟ್ಟಿದ್ದರು. ಹತ್ತು ನಿಮಿಷದ್ದಕ್ಕೆ 20 ಗಂಟೆ. ಚೀಲದ 21 ಗಂಟೆ ಪೂರ್ತಿ. 1,279 ಡಾಲರ್ 80 ಸೆಂಟ್. ವರ್ಷಕ್ಕೆ ಶೇಕಡ 10ರ ಬಡ್ಡಿ ಸೇರಿ 1,600 ದಾಟಿತು. ದಂಡ ಕೊಡಲಿಲ್ಲ. ಉಳಿದ 37 ದಿನಗಳ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ನಾನು ಆ ದಿನ ನಿಂತೇ ಇದ್ದೆ. ಕಂಪನಿ ಮೇಲಿನ ಕೋರ್ಟಿಗೆ ಹೋಗಬಹುದಿತ್ತು, ಅದಕ್ಕೆ ತೀರ್ಪಿನಷ್ಟು ಹಣವನ್ನು ಮೊದಲೇ ಭದ್ರತೆಯಾಗಿ ಇಡಬೇಕು. ಹೋಗಲಿಲ್ಲ. ಚೆಕ್ ಬಂತು.

ಅಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ಚೆಕ್ ತೋರಿಸಿದೆ. ಅವರು ಮೊದಲು ಕೇಳಿದ್ದು ಮಂಡಿ ಹೇಗಿದೆ ಅಂತ.

ಅಕ್ಕನಿಗೂ ಸುದ್ದಿ ಕಳಿಸಿದೆ. ಅವರು ಇನ್ನೂ ಅದೇ ಅಂಗಡಿಯಲ್ಲಿದ್ದಾರೆ. ಕೆಲಸದಲ್ಲಿದ್ದುಕೊಂಡೇ ಕೇಳಿದರೆ ತೆಗೆದುಹಾಕುತ್ತಾರೆ ಅನ್ನೋ ಹೆದರಿಕೆ ಅವರಿಗೆ. 2024ರಿಂದ ಹೊಸ ನಿಯಮ ಇದೆ. ದೂರು ಕೊಟ್ಟ 90 ದಿನದೊಳಗೆ ಶಿಕ್ಷೆ ಕೊಟ್ಟರೆ, ಅದು ಸೇಡಿನಿಂದ ಮಾಡಿದ್ದು ಅಂತಲೇ ಹಿಡಿದು, ಅಲ್ಲ ಅಂತ ತೋರಿಸುವ ಭಾರವನ್ನು ಕಂಪನಿಯ ಮೇಲೆ ಹಾಕುತ್ತಾರೆ. ಅದನ್ನು ಅವರಿಗೆ ವಿಯೆಟ್ನಾಮೀಸ್ ಭಾಷೆಯ ಸರ್ಕಾರಿ ಕಾಗದದಲ್ಲೇ ತೋರಿಸಿದೆ. ಎರಡು ವಾರ ಉತ್ತರ ಇಲ್ಲ. ಅಷ್ಟರಲ್ಲಿ ಮೂರು ವರ್ಷದ ಗಡುವು ಓಡುತ್ತಿತ್ತು. 2022ರ ಒಂದೊಂದು ದಿನವೂ ದಿನಕ್ಕೊಂದರಂತೆ ಕೈತಪ್ಪಿ ಹೋಗುತ್ತಿತ್ತು.

ಒಂದು ಭಾನುವಾರ ರಾತ್ರಿ ಎರಡನೇ ಅಂಗಡಿಯ ಕೆಲಸ ಮುಗಿಸಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ನೀಲಿ ಬಣ್ಣದ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳ ತೆಗೆದರು. ಒಳಗೆ ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಚಿಕ್ಕ ಹಾಳೆಗಳು, ರಬ್ಬರ್ ಬ್ಯಾಂಡ್ ಹಾಕಿ ತಿಂಗಳ ಪ್ರಕಾರ ಕಟ್ಟಿಟ್ಟಿದ್ದರು. ಪ್ರತಿ ಹಾಳೆಯ ಹಿಂದೆ ಗಂಟೆ, ನಿಮಿಷ. ನಾನು ಹೇಳಿದ ಮಾರನೇ ದಿನದಿಂದಲೇ ಬರೆದಿದ್ದರು.

ಮೊದಲು ಊಟ ಮಾಡಿ ಅಂತ ತಟ್ಟೆ ಇಟ್ಟೆ. ಉಂಡ ಮೇಲೆ ಮೇಜು ಒರೆಸಿ ಕೂತೆವು. ಅವರು ಒಂದೊಂದೇ ಹಾಳೆ ತೆಗೆದು ಹೊತ್ತು ಓದಿದರು. ನಾನು ಫಾರಂ 55ರಲ್ಲಿ ಬರೆಯುತ್ತಾ ಹೋದೆ.